ಹವಾನಾದ ಬೋಳು ಕಾರುಗಳು

ಕ್ಯೂಬಾ ದ್ವೀಪದ ರಾಜಧಾನಿಯಾದ ಹವಾನಾ ನಗರಕ್ಕೆ ಹೊಸದಾಗಿ ಬಂದಿಳಿದ ಪ್ರವಾಸಿಗೆ, ಕಾಲಪುರುಷನು ಇಲ್ಲಿಯವರೆಗೆ ನಡೆದು ಬಂದು ದಣಿದು ಕುಳಿತುಬಿಟ್ಟನೇನೋ ಎಂಬ ಭ್ರಮೆಯುಂಟಾಗುತ್ತದೆ. 1929ರಲ್ಲಿ ಕಟ್ಟಿ ಮುಗಿಸಿದ ಕಾಪಿಟೋಲಿಯೊ ಭವನದ ಎತ್ತರವಾದ ಗುಮ್ಮಟವನ್ನು ನೋಡಿ ಕಣ್ಣಿಳಿಸಿದರೆ, ಸಮೀಪದ ಉದ್ಯಾನದ ಅಂಚಿನಲ್ಲಿ ಷೆವ್ರೊಲೆ, ಬ್ಯೂಕ್, ಫೋರ್ಡ್, ಪಾಂಟಿಯಾಕ್ ಕಾರುಗಳು ಮೆರವಣಿಗೆಗೆ ಸಿದ್ಧವಾದ ಮದುವಣಗಿತ್ತಿಯರಂತೆ ಸಾಲುಗಟ್ಟಿ ನಿಂತಿರುತ್ತವೆ. ಒಂದರ ಮೈ ಗುಲಾಬಿ, ಇನ್ನೊಂದರದು ನೇರಳೆ, ಮತ್ತೊಂದರದು ಗಿಳಿಹಸುರು. ಎಲ್ಲವೂ ಅರುವತ್ತು ಎಪ್ಪತ್ತು ವರ್ಷಗಳ ಮುದಿಗಾಡಿಗಳು. ಆದರೂ ಕನ್ನಡಿಯಂತೆ ಹೊಳೆಯುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ತಲೆಯ ಮೇಲೆ ಚಾವಣಿಯೇ ಇಲ್ಲ.

ಇಂತಹ ಕಾರಿನಲ್ಲಿ ಕುಳಿತು ಮಲೆಕೋನ್ ರಸ್ತೆಯಲ್ಲಿ ಸವಾರಿ ಹೋಗದಿದ್ದರೆ ಹವಾನಾ ಯಾತ್ರೆ ಪೂರ್ಣವಾಗಲಿಲ್ಲವೆಂದೇ ಪ್ರವಾಸಿಗರ ಭಾವನೆ. 1901ರಲ್ಲಿ ಕಟ್ಟಲಾರಂಭಿಸಿದ ಈ ಕಡಲತಡಿಯ ರಸ್ತೆ ಹಳೆಯ ಊರಿನಿಂದ ಪಶ್ಚಿಮಕ್ಕೆ ಏಳೆಂಟು ಕಿಲೋಮೀಟರುಗಳವರೆಗೆ ಬಿಲ್ಲಿನಂತೆ ಬಾಗಿ ಸಾಗುತ್ತದೆ. ಒಂದು ಪಕ್ಕದಲ್ಲಿ ಬಣ್ಣಗೆಟ್ಟ ಉಪ್ಪರಿಗೆಯ ಮನೆಗಳು, ಇನ್ನೊಂದು ಪಕ್ಕದಲ್ಲಿ ಮೋಟುಗೋಡೆಯಾಚೆಗೆ ನೀಲಿ ಸಮುದ್ರ. 1957ರಲ್ಲಿ ಇದೇ ಹಾದಿಯಲ್ಲಿ ನಡೆದ ಕ್ಯೂಬಾದ ಮೊದಲನೆಯ ಗ್ರಾನ್ ಪ್ರಿ ಕಾರು ಪಂದ್ಯದಲ್ಲಿ ಅರ್ಜೆಂಟೈನಾದ ಫ್ಯಾಂಜಿಯೊ ಗೆದ್ದಿದ್ದನು. ಸಂಜೆಯ ತಂಗಾಳಿಗೆ ಮೈಯೊಡ್ಡಿ ತೆರೆದ ಕಾರಿನಲ್ಲಿ ಸಾಗುವವನಿಗೆ ತಾನೂ ಒಬ್ಬ ಸಿನಿಮಾ ನಾಯಕನೇ ಎನ್ನಿಸಿದರೆ ಆಶ್ಚರ್ಯವಿಲ್ಲ.

ಈ ಕಾರುಗಳು ಇಲ್ಲಿ ಉಳಿದುಕೊಂಡುದಕ್ಕೆ ರಾಜಕೀಯವೇ ಕಾರಣ. 1959ರ ಕ್ರಾಂತಿಗೆ ಮುಂಚೆ ಅಮೆರಿಕದ ಕಾರುಗಳಿಗೆ ಹವಾನಾ ಒಳ್ಳೆಯ ಮಾರುಕಟ್ಟೆಯಾಗಿತ್ತು. 1960ರಲ್ಲಿ ಅಮೆರಿಕವು ಕ್ಯೂಬಾಕ್ಕೆ ಸರಕು ಕಳುಹಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. 1962ರಲ್ಲಿ ವ್ಯಾಪಾರ ಸಂಪೂರ್ಣವಾಗಿ ಕಡಿದುಹೋಯಿತು. ಹೊಸ ಕಾರು ಬರಲಿಲ್ಲ, ಹಳೆಯದಕ್ಕೆ ಬಿಡಿಭಾಗಗಳೂ ಬರಲಿಲ್ಲ. ಮುಂದೆ ರಷ್ಯದ ಲಾಡಾ, ಮೊಸ್ಕ್‌ವಿಚ್ ಕಾರುಗಳು ಬಂದುವಾದರೂ ಅವನ್ನು ಸರ್ಕಾರವೇ ಹಂಚುತ್ತಿತ್ತು. 2011ರವರೆಗೆ ಕ್ರಾಂತಿಪೂರ್ವದ ಕಾರುಗಳನ್ನು ಮಾತ್ರ ಜನರು ತಮ್ಮತಮ್ಮಲ್ಲಿ ಮುಕ್ತವಾಗಿ ಕೊಂಡು ಮಾರಬಹುದಾಗಿತ್ತು. ಹೀಗಿರಲು, ಅಜ್ಜನ ಕಾರನ್ನು ಮೊಮ್ಮಗನು ಪಿತ್ರಾರ್ಜಿತ ಜಮೀನಿನಂತೆ ಕಾಪಾಡಿಕೊಂಡು ಬಂದನು. ಎಂಜಿನ್ ಸತ್ತರೆ ರಷ್ಯದ್ದನ್ನೋ ಜಪಾನಿನದನ್ನೋ ಕೂರಿಸಿದನು. ಸಿಕ್ಕದ ಬಿಡಿಭಾಗವನ್ನು ಕೈಯಿಂದಲೇ ಕಡೆದುಕೊಂಡನು. ಊರಿನವರು ಈ ಗುಂಡುಮೈಯ ಗಾಡಿಗಳನ್ನು ‘ಅಲ್ಮೆಂದ್ರೋನ್’, ಎಂದರೆ ದೊಡ್ಡ ಬಾದಾಮಿ ಎಂದು ಅಕ್ಕರೆಯಿಂದ ಕರೆಯುತ್ತಾರೆ.

ಆದರೆ ಉದ್ಯಾನದ ಬದಿಯಲ್ಲಿ ನಿಂತ ಆ ತೆರೆದ ಕಾರುಗಳಲ್ಲಿ ಅನೇಕವು ಹುಟ್ಟಿನಿಂದಲೇ ತೆರೆದವಲ್ಲ. ಮಡಿಸುವ ಬಟ್ಟೆಯ ಮುಸುಕುಳ್ಳ ಕಾರುಗಳು ಆ ಕಾಲದಲ್ಲಿಯೂ ದುಬಾರಿಯಾಗಿದ್ದು ವಿರಳವಾಗಿಯೇ ಮಾರಾಟವಾಗುತ್ತಿದ್ದುವು. ಪ್ರವಾಸಿಗರು ಬಯಸುವುದು ತೆರೆದ ಕಾರನ್ನು. ಮಾಲೀಕರ ಬಳಿಯಿದ್ದುದು ಮುಚ್ಚಿದ ಕಾರು. ಗರಗಸವು ಈ ಅಂತರವನ್ನು ಕಳೆಯಿತು. ಮನೆಯ ಹಿತ್ತಿಲಲ್ಲಿ, ಕಿರುಗ್ಯಾರೇಜಿನಲ್ಲಿ ಉಕ್ಕಿನ ಚಾವಣಿಯನ್ನು ಕತ್ತರಿಸಿ, ಅಂಚಿಗೆ ತಗಡು ಬೆಸೆದು, ಮೇಲೆ ಬಣ್ಣ ಬಳಿದರೆ ಕಾರು ಸಿದ್ಧ. ಗುಟ್ಟನ್ನು ಕಂಡುಹಿಡಿಯುವುದು ಕಷ್ಟವೇನಲ್ಲ: ಬಾಗಿಲುಗಳನ್ನು ಎಣಿಸಿದರೆ ಸಾಕು. 1950ರ ದಶಕದಲ್ಲಿ ಷೆವ್ರೊಲೆ ಕಂಪೆನಿ ನಾಲ್ಕು ಬಾಗಿಲಿನ ತೆರೆದ ಕಾರನ್ನು ತಯಾರಿಸಲೇ ಇಲ್ಲ. ಆ ಕಾಲದ ಷೆವ್ರೊಲೆಗೆ ನಾಲ್ಕು ಬಾಗಿಲುಗಳಿದ್ದು ಚಾವಣಿಯಿಲ್ಲದಿದ್ದರೆ, ಅದು ಕ್ಷೌರವಾದ ಕಾರೆಂದೇ ತಿಳಿಯಬೇಕು.

ಚಾವಣಿಯೆಂದರೆ ಬಿಸಿಲು ಮಳೆಗಳಿಗೆ ಹಿಡಿದ ಕೊಡೆ ಮಾತ್ರವೆಂದು ಭಾವಿಸುವುದರಲ್ಲಿಯೇ ಅಪಾಯದ ಬೀಜವಿದೆ. ಬೆಂಕಿಪೊಟ್ಟಣದ ಒಳತಟ್ಟೆಯನ್ನು ಹೊರಗೆ ತೆಗೆದು ಎರಡು ತುದಿಗಳನ್ನು ಹಿಡಿದು ತಿರುಚಿದರೆ ಅದು ಸುಲಭವಾಗಿ ನುಲಿಯುತ್ತದೆ. ಹೊರಕವಚದೊಳಕ್ಕೆ ತಳ್ಳಿ ತಿರುಚಿದರೆ ಅಷ್ಟು ಬೇಗ ಬಗ್ಗುವುದಿಲ್ಲ. ಕಾರಿನ ಒಡಲೂ ಹೀಗೆಯೇ. ನೆಲ, ಕಂಬಗಳು, ಚಾವಣಿ ಸೇರಿ ಒಂದು ಪೆಟ್ಟಿಗೆಯಾಗಿ ರಸ್ತೆಯ ಹೊಡೆತವನ್ನು ಹಂಚಿಕೊಳ್ಳುತ್ತವೆ. ಮೇಲ್ಭಾಗ ಹೋದರೆ ಭಾರವೆಲ್ಲ ನೆಲಕ್ಕೂ, ಬಾಗಿಲುಗಳ ಕೆಳಗಿನ ಹೊಸ್ತಿಲುಪಟ್ಟಿಗೂ, ಅಡಿಯ ಚಾಸಿಗೂ ಬೀಳುತ್ತದೆ.

ತಯಾರಕರು ಇದನ್ನು ಚೆನ್ನಾಗಿ ಅರಿತಿದ್ದರು. 1955ರಿಂದ 1957ರವರೆಗಿನ ಷೆವ್ರೊಲೆ ತೆರೆದ ಕಾರುಗಳ ಚಾಸಿಯಲ್ಲಿ, ಎಡಬಲದ ತೊಲೆಗಳ ನಡುವೆ ಗುಣಾಕಾರ ಚಿಹ್ನೆಯಂತಹ ಉಕ್ಕಿನ ಕಟ್ಟನ್ನು ಹೆಚ್ಚಾಗಿ ಕೂಡಿಸಿದ್ದರು. ಅದೇ ವರ್ಷಗಳ ಮುಚ್ಚಿದ ಕಾರುಗಳಿಗೆ ಅದು ಬೇಕಿರಲಿಲ್ಲ. ಆದುದರಿಂದಲೇ ಉಕ್ಕಿನ ಚಾವಣಿಯಿಲ್ಲದ ಕಾರು ಚಾವಣಿಯುಳ್ಳದ್ದಕ್ಕಿಂತ ಹೆಚ್ಚು ತೂಗುತ್ತಿತ್ತು! ಪ್ರತ್ಯೇಕ ಚಾಸಿಯಿಲ್ಲದೆ ಒಡಲೇ ಆಧಾರವಾಗಿದ್ದ 1950ರ ನ್ಯಾಷ್ ರ‍್ಯಾಂಬ್ಲರ್ ಕಾರಿನಲ್ಲಂತೂ, ಬಟ್ಟೆಯ ಮುಸುಕನ್ನು ಸುತ್ತಿಟ್ಟರೂ ಕಿಟಕಿಗಳ ಮೇಲಿನ ಉಕ್ಕಿನ ಪಟ್ಟಿಗಳನ್ನು ಹಾಗೆಯೇ ಉಳಿಸಿದ್ದರು.

ಹಿತ್ತಿಲಿನ ಗರಗಸಕ್ಕೆ ಈ ಲೆಕ್ಕಾಚಾರ ಗೊತ್ತಿರುವುದಿಲ್ಲ. ಬಲ ಕೂಡಿಸದೆ ಚಾವಣಿ ಕತ್ತರಿಸಿದ ಕಾರು ಕ್ರಮೇಣ ನಡುವಿನಲ್ಲಿ ಜಗ್ಗತೊಡಗುತ್ತದೆ. ಮೊದಲು ಬಾಗಿಲು ಮುಚ್ಚುವುದು ಬಿಗಿಯಾಗುತ್ತದೆ. ಬಳಿಕ ಮುಚ್ಚಿದ ಬಾಗಿಲು ತಾನಾಗಿ ತೆರೆದುಕೊಳ್ಳಲೂಬಹುದು. ಮೇಲಿನ ಆಸರೆಯನ್ನು ಕಳೆದುಕೊಂಡ ಮುಂಗಾಜಿನ ಚೌಕಟ್ಟು ಹಳ್ಳದಿಣ್ಣೆಗಳಲ್ಲಿ ಗಡಗಡನೆ ನಡುಗುತ್ತದೆ, ಬೆಸುಗೆಗಳು ಬಿರಿಯುತ್ತವೆ. ಕಾರು ಮಗುಚಿದರಂತೂ ಕುಳಿತವರ ತಲೆಗೂ ನೆಲಕ್ಕೂ ನಡುವೆ ಏನೂ ಇರುವುದಿಲ್ಲ. ಆ ಕಾಲದ ಕಾರುಗಳಲ್ಲಿ ಹೆಚ್ಚಿನವು ಸೀಟುಪಟ್ಟಿಯಿಲ್ಲದೆಯೇ ಕಾರ್ಖಾನೆಯಿಂದ ಹೊರಬಿದ್ದಂಥವು. ಬ್ರೇಕಿನ ನಾಲ್ಕು ಚಕ್ರಗಳಿಗೂ ಎಣ್ಣೆಯ ಹಾದಿ ಒಂದೇ. ಅದು ಒಂದೆಡೆ ಸೋರಿದರೆ ನಾಲ್ಕೂ ಕೈಕೊಡುತ್ತವೆ.

ಇದರ ಮೇಲೆ ಸಮುದ್ರರಾಜನ ಕಾಟ ಬೇರೆ. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದಾಗ ಅಲೆಗಳು ಮಲೆಕೋನಿನ ಗೋಡೆಯನ್ನು ಹಾರಿ ರಸ್ತೆಯನ್ನೆಲ್ಲ ತೋಯಿಸುತ್ತವೆ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಮಳೆಗಾಲ. ಉಪ್ಪುನೀರು ಅಡಿಯಿಂದಲೂ, ಮಳೆನೀರು ಮೇಲಿನಿಂದಲೂ ಹೊಕ್ಕು ಹೆಚ್ಚಾಗಿ ತುಕ್ಕು ಹಿಡಿಸುವುದು ಯಾವುದಕ್ಕೆ? ನೆಲಕ್ಕೆ, ಹೊಸ್ತಿಲುಪಟ್ಟಿಗೆ, ಚಾಸಿಗೆ. ಚಾವಣಿಯ ಹೊರೆಯನ್ನು ಹೊತ್ತ ಭಾಗಗಳೇ ಮೊದಲು ಸವೆಯುತ್ತವೆ. ಬಣ್ಣದ ಕೆಳಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಳಗೆ ಹುಳುಕು, ಹೊರಗೆ ಥಳಕು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಹಾಗೆಂದು ಗರಗಸ ಹಿಡಿದವನನ್ನು ಮೂರ್ಖನೆಂದು ಜರೆಯುವುದು ನ್ಯಾಯವಲ್ಲ. 2016ರ ಸುಮಾರಿಗೆ ಒಂದು ಗಂಟೆಯ ಸವಾರಿಗೆ ಪ್ರವಾಸಿಗರು 30ರಿಂದ 50 ಡಾಲರುಗಳವರೆಗೆ ತೆರುತ್ತಿದ್ದರು. ಸರ್ಕಾರಿ ನೌಕರನ ಸರಾಸರಿ ತಿಂಗಳ ಸಂಬಳ ಆಗ ಸುಮಾರು 30 ಡಾಲರು. ಒಂದು ತಿಂಗಳ ಅನ್ನವನ್ನು ಒಂದು ಸಂಜೆಯಲ್ಲಿ ಗಳಿಸಬಹುದೆಂದಾಗ ಅಜ್ಜನ ಕಾರಿನ ಚಾವಣಿಯ ಮೇಲೆ ಯಾರಿಗೆ ತಾನೆ ಮಮತೆ ಉಳಿದೀತು? ಆದರೆ ಆ ಭಾಗ್ಯವೂ ಸ್ಥಿರವಾಗಿ ನಿಲ್ಲಲಿಲ್ಲ. 2018ರಲ್ಲಿ 40 ಲಕ್ಷಕ್ಕೂ ಮಿಕ್ಕಿ ಬಂದ ವಿದೇಶೀಯರು 2024ರಲ್ಲಿ ಸುಮಾರು 22 ಲಕ್ಷಕ್ಕಿಳಿದರು. ಕತ್ತರಿಸಿದ ಚಾವಣಿಯನ್ನು ಮರಳಿ ಕೂರಿಸಿದರೂ ಹಿಂದಿನ ಬಲ ಬರುವುದಿಲ್ಲ. ಮಳೆಗಾಲದಲ್ಲಿ ಊರಿನ ಜನರನ್ನು ಹೊತ್ತು ಬಾಡಿಗೆ ಓಡಿಸೋಣವೆಂದರೆ ಬೋಳು ಕಾರು ಅದಕ್ಕೂ ಒದಗುವುದಿಲ್ಲ. ಊರಿನವರು ಗೊತ್ತಾದ ಮಾರ್ಗಗಳಲ್ಲಿ ಪಾಲುಬಾಡಿಗೆಗೆ ಹತ್ತುವ ಅಲ್ಮೆಂದ್ರೋನುಗಳಿಗೆ ಚಾವಣಿ ಭದ್ರವಾಗಿಯೇ ಇದೆ.

ಬಲ್ಲ ಕಸಬುದಾರನು ಗರಗಸವನ್ನು ಮುಟ್ಟುವುದಕ್ಕೆ ಮುನ್ನ ಬಾಗಿಲುಗಳ ಚೌಕಟ್ಟಿಗೆ ಅಡ್ಡಕಂಬಿ ಬೆಸೆದು ಒಡಲನ್ನು ಬಿಗಿದುಕೊಳ್ಳುತ್ತಾನೆ. ಹೊಸ್ತಿಲುಪಟ್ಟಿಗೂ ಚಾಸಿಗೂ ಹೊಸ ಉಕ್ಕು ಕೊಟ್ಟ ಮೇಲೆಯೇ ಚಾವಣಿಯನ್ನು ಇಳಿಸುತ್ತಾನೆ. ಅಂತಹ ಕಾರು ಸಮತಟ್ಟಾದ ಮಲೆಕೋನಿನಲ್ಲಿ ಮೆಲ್ಲಗೆ ಸಾಗಿದರೆ ಹೆಚ್ಚಿನ ಭಯವಿಲ್ಲ. ಅಲ್ಲಿಗೆ ಹೋಗುವ ಪ್ರವಾಸಿಯು ಬಾಡಿಗೆಯ ಚೌಕಾಶಿಗೆ ತೊಡಗುವ ಮುನ್ನ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಲಿ, ಬಾಗಿಲಿಗೂ ಒಡಲಿಗೂ ನಡುವಣ ಸಂದು ಮೇಲಿನಿಂದ ಕೆಳಗಿನವರೆಗೆ ಸಮನಾಗಿದೆಯೇ ಎಂದು ಗಮನಿಸಲಿ. ಸಮನಾಗಿದ್ದರೆ ಹತ್ತಬಹುದು. ಚಿತ್ರ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಹಿಂದಿನ ಆಸನದ ಬೆನ್ನೇರಿ ಕೂರದೆ ಕೆಳಗೆ ಕುಳಿತರೆ ಮತ್ತೂ ಕ್ಷೇಮ. ಕಡಲು ಅಲ್ಲಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ.