ಏಳು ಅಂದರೆ ಎಷ್ಟು?

ಪ್ರಿಯ ಶೆಟ್ರೇ,

ನಿಮ್ಮ ಕಾಗದ ತಲುಪಿತು, ಜೊತೆಗಿಟ್ಟ ಬಣ್ಣದ ಕ್ಯಾಟಲಾಗ್ ಹಾಳೆಯೂ ತಲುಪಿತು. ಮಗ ಅಮೆರಿಕದಿಂದ ಬರುವಾಗ ಈ ಹೊಸ ಗಾಲ್ಫ್ ಐರನ್ ಸೆಟ್ ತರಲೇ ಅಂತ ಕೇಳುತ್ತಿದ್ದಾನೆ, ತರಿಸಲೋ ಬೇಡವೋ ಹೇಳಿ ಅಂದಿದ್ದೀರಿ. ಹೀಗೆ ಕೇಳುವವರು ಮನಸ್ಸಿನಲ್ಲಿ ಆಗಲೇ ತರಿಸಿ, ಹಳೆಯದನ್ನು ಯಾರಿಗೆ ಕೊಡುವುದು ಎಂಬಲ್ಲಿಗೆ ಬಂದಿರುತ್ತಾರೆ. ಇರಲಿ. ಅದೇ ಸೆಟ್ಟು ಇಲ್ಲಿ ಬೆಂಗಳೂರಿನ ನಮ್ಮ ರೇಂಜಿಗೆ ಹೊಡೆದು ನೋಡಲೆಂದು ಬಂದಿತ್ತು. ಎರಡು ಭಾನುವಾರ ಬೆಳಗ್ಗೆ ಅದರ ಜೊತೆ ಕಳೆದಿದ್ದೇನೆ. ಹ್ಯಾಂಡಿಕ್ಯಾಪ್ ಹದಿನೆಂಟರ ಮನುಷ್ಯನ ವರದಿ ಇದು, ಆ ಅಳತೆಗೇ ಓದಿಕೊಳ್ಳಿ.

ಮೊದಲು ಚಂದದ ಮಾತು, ಯಾಕೆಂದರೆ ನೀವೂ ಮೊದಲು ಅದನ್ನೇ ನೋಡಿದ್ದೀರಿ. ನನ್ನ ಹಳೆಯ ಐರನ್‌ಗಳನ್ನು ನಮ್ಮ ಗುಂಪಿನವರು ಗುದ್ದಲಿ ಅಂತಲೇ ಕರೆಯುವುದು. ಚೆಂಡಿನ ಹಿಂದಿಟ್ಟು ಮೇಲಿನಿಂದ ಬಗ್ಗಿ ನೋಡಿದರೆ ಅಂಚು ಹೆಬ್ಬೆರಳಿನ ದಪ್ಪ ಕಾಣುತ್ತದೆ. ಈ ಹೊಸತು ಹಾಗಲ್ಲ. ಒಳಗೆ ಟೊಳ್ಳು, ಹೊರಗೆ ತೆಳ್ಳಗೆ. ಬೆನ್ನಿನಲ್ಲಿ ಕಣ್ಣು ಕುಕ್ಕುವ ಕೆಂಪು ನೀಲಿ ಪಟ್ಟಿ ಇಲ್ಲ, ಮಂಕು ಬೆಳ್ಳಿ ಬಣ್ಣ, ಮೂಲೆಯಲ್ಲೊಂದು ಪುಟ್ಟ ಸ್ಕ್ರೂ. ಇದನ್ನು ಷೋಕಿ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೈಯಲ್ಲಿರುವ ಕ್ಲಬ್ ವಕ್ರವಾಗಿದೆ ಅಂತ ಕಣ್ಣಿಗೆ ಒಮ್ಮೆ ಅನ್ನಿಸಿದರೆ ಮುಗಿಯಿತು, ಮಣಿಕಟ್ಟು ಅದನ್ನು ನೇರ ಮಾಡಲು ಹೊರಟು ಚೆಂಡನ್ನು ಪೊದೆಗೆ ಕಳಿಸುತ್ತದೆ. ಇದನ್ನು ಹಿಡಿದು ನಿಂತಾಗ ನನ್ನ ಮಣಿಕಟ್ಟು ಸುಮ್ಮನಿತ್ತು.

ಆಮೇಲೆ ಯಂತ್ರ. ಬೆನ್ನ ಹಿಂದೆ ಒಂದು ರೇಡಾರ್ ಪೆಟ್ಟಿಗೆ ಕುಳಿತಿರುತ್ತದೆ, ಚೆಂಡು ಹೊರಟ ವೇಗ, ಎದ್ದ ಕೋನ, ತಿರುಗಿದ ಸುತ್ತು ಎಲ್ಲವನ್ನೂ ಪರದೆಗೆ ಬರೆಯುತ್ತದೆ. ನನ್ನ ಹಳೆಯ ಏಳನೇ ಐರನ್ ಹತ್ತು ಚೆಂಡಿನ ಸರಾಸರಿಯಲ್ಲಿ 132 ಯಾರ್ಡ್ ಹಾರಿಸಿತು. ಹೊಸ ಏಳು 146. ಹದಿನಾಲ್ಕು ಯಾರ್ಡ್ ಜಾಸ್ತಿ, ಶೆಟ್ರೇ! ಇಪ್ಪತ್ತು ವರ್ಷ ಕೆಳಗಿಳಿದ ಹಾಗಾಯಿತು. ಅಲ್ಲೇ ನಿಂತು ಮನೆಯವಳಿಗೆ ಫೋನ್ ಮಾಡಿ ಬೆಲೆಯ ವಿಷಯ ಹೇಗೆ ಎತ್ತುವುದು ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ರೇಂಜಿನ ಹಿಂದಿನ ಕೋಣೆಯಲ್ಲಿ ಗ್ರಿಪ್ ಬದಲಾಯಿಸುವ ಹಿರಿಯರು ಬಂದರು. ಏನೂ ಮಾತಾಡದೆ ಎರಡೂ ಏಳುಗಳನ್ನು ಒಳಗೊಯ್ದು, ಲಾಫ್ಟ್ ಅಳೆಯುವ ಕಬ್ಬಿಣದ ಪಟ್ಟಿಗೆ ಒಂದೊಂದಾಗಿ ಸಿಕ್ಕಿಸಿದರು. ಹಳೆಯ ಏಳು 36 ಡಿಗ್ರಿ. ಹೊಸ ಏಳು 28. "ನಿಮ್ಮ ಹಳೇ ಐದು ತನ್ನಿ ಸಾರ್" ಅಂದರು. ತಂದೆ. ಅದೂ 28.

ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವುದೇ ಲಾಫ್ಟ್ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಡಿಮೆ ವಾಲಿದರೆ ಚೆಂಡು ಮುಂದಕ್ಕೆ ಹೋಗುತ್ತದೆ, ಅಷ್ಟೇ. ಐದನ್ನು ತೆಗೆದುಕೊಂಡು ತಳದಲ್ಲಿ ಏಳು ಅಂತ ಕೆತ್ತಿದರೆ ಯಾರು ಬೇಕಾದರೂ ಹದಿನಾಲ್ಕು ಯಾರ್ಡ್ ಗಳಿಸಬಹುದು. ನಾವೀಗ ಏಳು ಅನ್ನುವ ಕ್ಲಬ್ಬಿಗೆ ಹಿಂದೆ ಸಂಖ್ಯೆಯೇ ಇರಲಿಲ್ಲ. ಮರದ ದಂಡದ ಕಾಲದಲ್ಲಿ ಸ್ಕಾಟ್ಲೆಂಡಿನವರು ಇದನ್ನು ಮ್ಯಾಶಿ ನಿಬ್ಲಿಕ್ ಅನ್ನುತ್ತಿದ್ದರು. ಉಕ್ಕಿನ ಶಾಫ್ಟಿಗೆ 1929ರಲ್ಲಿ ಗಾಲ್ಫ್ ನಿಯಮ ರೂಪಿಸುವ ಸೇಂಟ್ ಆ್ಯಂಡ್ರೂಸ್‌ನವರು ಒಪ್ಪಿಗೆ ಕೊಟ್ಟರು. ಆ ಹೊತ್ತಿನಿಂದ ಒಂದಕ್ಕೊಂದು ಹೊಂದುವ ಸೆಟ್‌ಗಳು ಬಂದು, ಹೆಸರಿನ ಜಾಗದಲ್ಲಿ ಅಂಕಿ ಕುಳಿತುಕೊಂಡಿತು. ಇಷ್ಟೇ ಡಿಗ್ರಿ ಇದ್ದರೆ ಏಳು ಅನ್ನಿ ಎಂಬ ನಿಯಮ ಇವತ್ತಿಗೂ ಇಲ್ಲ. ನಮ್ಮ ಭಾಷೆಯಲ್ಲಾದರೂ ಏಳು ಅಂದರೆ ಮೇಲಕ್ಕೆ ಏಳು ಎಂಬ ಅರ್ಥ ಉಂಟು.

ಮೋಸ ಅಂತ ಕೂಗಿಬಿಡಬೇಡಿ. ನಾನೂ ಅರ್ಧ ಗಂಟೆ ಹಾಗೇ ಬೈದುಕೊಂಡೆ. ಆಮೇಲೆ ಹಳೆಯ ಐದನ್ನೂ ಯಂತ್ರದ ಮುಂದೆ ಹೊಡೆದು ನೋಡಿದೆ. ಸರಿಯಾಗಿ ತಗುಲಿದಾಗ ಅದೂ 143 ಹೋಯಿತು, ಆದರೆ ಬೇಲಿ ಹಾರುವ ನಾಯಿಯ ಹಾಗೆ ತಗ್ಗಿನಲ್ಲೇ. ಹೊಸ ಏಳು ಅದೇ ದೂರವನ್ನು ಎತ್ತರಕ್ಕೆ ಏರಿ ತಲುಪುತ್ತದೆ, ತಳದಲ್ಲಿ ಟಂಗ್‌ಸ್ಟನ್ ತುಂಬಿ ಭಾರವನ್ನು ಕೆಳಕ್ಕೆ ಇಳಿಸಿದ್ದಾರಲ್ಲ, ಅದಕ್ಕೆ. ಒಂದೇ ಕೊರತೆ ಸುತ್ತಿನದು. ಹಳೆಯ ಏಳಿನಲ್ಲಿ ನಿಮಿಷಕ್ಕೆ 6,300ರ ಆಸುಪಾಸಿದ್ದ ಸುತ್ತು ಇದರಲ್ಲಿ 5,000ಕ್ಕೆ ಇಳಿಯಿತು. ಗ್ರೀನ್ ಮೇಲೆ ಬಿದ್ದ ಚೆಂಡು ಕಚ್ಚಿ ನಿಲ್ಲುವುದು ಅನುಮಾನ. ಮಳೆಗಾಲದಲ್ಲಿ ನಿಮ್ಮ ಮಂಗಳೂರಿನ ಪಿಲಿಕುಳ ಕೋರ್ಸಿನ ನೆಲ ಮೆತ್ತಗಿರುವಾಗ ನಿಮಗಿದು ಗೊತ್ತೇ ಆಗದು. ಏಪ್ರಿಲ್‌ನಲ್ಲಿ ನೋಡಿ, ಗ್ರೀನ್ ದಾಟಿ ಹಿಂದಿನ ಬಂಕರ್‌ಗೆ ಉರುಳಿದ ಚೆಂಡನ್ನು ಹುಡುಕುವಾಗ ನನ್ನ ನೆನಪಾದೀತು.

ಇಡೀ ಪರೀಕ್ಷೆಯಲ್ಲಿ ನನಗೆ ಬೆಲೆಯುಳ್ಳದ್ದು ಕಂಡದ್ದು ರೇಡಾರಿನಲ್ಲಲ್ಲ, ಒಂದು ಡಬ್ಬ ಟಾಲ್ಕಂ ಪೌಡರಿನಲ್ಲಿ. ಕ್ಲಬ್ಬಿನ ಮುಖಕ್ಕೆ ತೆಳ್ಳಗೆ ಪೌಡರ್ ಬಳಿಯಬೇಕು, ವಿಭೂತಿ ಹಚ್ಚಿದ ಹಾಗೆ. ಹೊಡೆದಾಗ ಚೆಂಡು ತಗುಲಿದಲ್ಲಿ ನಾಣ್ಯದಗಲ ಪುಡಿ ಎದ್ದು ಹೋಗಿ ಲೋಹ ಕಾಣುತ್ತದೆ. ಒಂದು ಹೊಡೆತ, ಒಂದು ಗುರುತು, ಒರೆಸು, ಮತ್ತೆ ಹಚ್ಚು. ಹತ್ತರಲ್ಲಿ ನಾಲ್ಕು ಮಾತ್ರ ನಡುವೆ ಬಿದ್ದಿದ್ದವು. ನಾಲ್ಕು ತುದಿಯ ಕಡೆ, ಎರಡು ಶಾಫ್ಟಿನ ಬುಡಕ್ಕೆ ಹತ್ತಿರ. ಇದೇ ನನ್ನ ಜಾತಕ. ನಿಮ್ಮದೂ ಹೆಚ್ಚು ಬೇರೆ ಇರಲಾರದು, ಬೇಜಾರು ಮಾಡಿಕೊಳ್ಳಬೇಡಿ. ತುದಿಗೆ ತಗುಲಿದಾಗ ಹಳೆಯ ಏಳು ಕೈಯಲ್ಲೇ ತಿರುಚಿಕೊಂಡು ಇಪ್ಪತ್ತೈದು ಯಾರ್ಡ್ ನುಂಗಿಹಾಕಿತು. ಹೊಸತು ಅದೇ ತಪ್ಪಿಗೆ ಒಂಬತ್ತು ಯಾರ್ಡ್ ದಂಡ ಹಾಕಿ ಬಿಟ್ಟಿತು.

ಈ ಕ್ಷಮಾಗುಣದ ಹಿಂದೆ ಒಂದು ಕಥೆ ಉಂಟು. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಕಾರ್ಸ್ಟನ್ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್. ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದವರು. ಪಟಿಂಗ್ ಕೈಕೊಡುತ್ತಿತ್ತು. ದೋಷ ತನ್ನದಲ್ಲ, ಪಟ್ಟರ್‌ನದು ಅಂತ ತೀರ್ಮಾನಿಸಿದರು (ನಾವೆಲ್ಲ ಅಲ್ಲಿಗೇ ನಿಲ್ಲಿಸುತ್ತೇವೆ), ಮನೆಯ ಗ್ಯಾರೇಜಿನಲ್ಲಿ ಕುಳಿತು ಹೊಸದನ್ನು ಮಾಡಿಯೇಬಿಟ್ಟರು. ನಡುವಿನ ಭಾರವನ್ನು ತೆಗೆದು ಎರಡು ತುದಿಗೆ ಹಂಚಿದರು. ಕಾವಡಿ ಹೊತ್ತವನನ್ನು ನೆನೆಸಿಕೊಳ್ಳಿ, ಅವನ ಒಂದು ಕೊಡಕ್ಕೆ ಯಾರಾದರೂ ತಾಗಿದರೂ ಅವನು ಗಿರಕ್ಕನೆ ತಿರುಗುವುದಿಲ್ಲ. ತತ್ವ ಅದೇ. 1959ರ ಆ ಪಟ್ಟರ್ ಚೆಂಡಿಗೆ ತಗುಲಿದರೆ 'ಪಿಂಗ್' ಅನ್ನುತ್ತಿತ್ತು, ಅವರು ಕಟ್ಟಿದ ಕಂಪನಿಗೂ ಅದೇ ಹೆಸರಾಯಿತು. 1966ರಲ್ಲಿ ಬಂದ ಇನ್ನೊಂದು ಪಟ್ಟರ್‌ಗೆ 'ಆನ್ಸರ್' ಎಂಬ ಹೆಸರು ಸೂಚಿಸಿದ್ದು ಹೆಂಡತಿ ಲೂಯಿಸ್. ಅಕ್ಷರಗಳು ಕ್ಲಬ್ಬಿನ ಮೇಲೆ ಹಿಡಿಸುವುದಿಲ್ಲ ಎಂದಾಗ, ಇಂಗ್ಲಿಷ್ ಕಾಗುಣಿತದಲ್ಲಿ ಡಬ್ಲ್ಯು ಬಿಟ್ಟುಬಿಡಿ ಅಂದವರೂ ಅವರೇ. ನೋಡಲು ಸೊಗಸೇನೂ ಇರದ ಆ ಆಕಾರವನ್ನು ಇವತ್ತು ಬಹುತೇಕ ಕಂಪನಿಗಳು ನಕಲು ಮಾಡುತ್ತವೆ, ಈಗ ಅದೇ ಚಂದ ಅನ್ನಿಸಿಕೊಂಡಿದೆ. ಮೇಲೆ ಚಂದದ ಬಗ್ಗೆ ನಾನು ಬರೆದದ್ದಕ್ಕೆ ಇದು ನನ್ನದೇ ತಕರಾರು.

ಇನ್ನು ಖರ್ಚಿನ ವಿಷಯ. ಈ ಸೆಟ್ಟಿನ ಪಿಚಿಂಗ್ ವೆಜ್ 43 ಡಿಗ್ರಿ, ನಿಮ್ಮ ಚೀಲದ ಸ್ಯಾಂಡ್ ವೆಜ್ 56. ನಡುವೆ ಹದಿಮೂರು ಡಿಗ್ರಿ ಖಾಲಿ. ನೀವು ದಿನಾ ಒದ್ದಾಡುವ ಎಂಬತ್ತು ತೊಂಬತ್ತು ಯಾರ್ಡ್ ಆ ಖಾಲಿಯಲ್ಲೇ ಬರುತ್ತದೆ. ಇನ್ನೊಂದು ವೆಜ್ ಕೊಳ್ಳಲೇಬೇಕು. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಇರಬಾರದೆಂದು 1938ರಲ್ಲಿ ಅಮೆರಿಕದವರು ಹಾಕಿದ ಕಟ್ಟು ಈಗ ಎಲ್ಲ ಕಡೆಯ ನಿಯಮ. ನೀವು ಪ್ರೀತಿಯಿಂದ ಸಾಕಿಕೊಂಡಿರುವ ಆ ಎರಡು ಉದ್ದದ ಐರನ್‌ಗಳಲ್ಲಿ ಒಂದಕ್ಕೆ ವಿದಾಯ ಹೇಳಿ.

ನನ್ನ 146ನ್ನು ಮಂಗಳೂರಿಗೆ ಹಾಗೇ ಒಯ್ಯಬೇಡಿ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು, ಚೆಂಡು ಶೇ. 3ರಷ್ಟು ಹೆಚ್ಚು ಹಾರುತ್ತದೆ. ನಿಮ್ಮಲ್ಲಿ ನಾಲ್ಕೈದು ಯಾರ್ಡ್ ಕಳೆಯಿರಿ. ಕಪ್ಪು ಬಣ್ಣದ್ದೂ ಇದೆ ಅಂತ ಮಗ ಆಸೆ ಹುಟ್ಟಿಸಿದರೆ ಬೇಡ ಅನ್ನಿ. ಎರಡು ತಿಂಗಳಲ್ಲಿ ತಳ ಬೆಳ್ಳಗಾಗಿ ಕೆರೆದ ಬಾಣಲೆಯ ಹಾಗೆ ಕಾಣುತ್ತದೆ. ಉಪ್ಪುಗಾಳಿಯ ಊರಿಗೆ ಕ್ರೋಮ್ ಲೇಪವೇ ಕ್ಷೇಮ.

ದೂರದ ಹುಚ್ಚಿಗೆ ನಮ್ಮ ಊರಿನ ಹುಡುಗಿಯೇ ಮದ್ದು ಕೊಟ್ಟಿದ್ದಾಳೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಡ್ರೈವ್ ದೂರದ ಲೆಕ್ಕದಲ್ಲಿ ಹಿಂದಿನ ಸಾಲಿನಲ್ಲಿದ್ದೂ ನಾಲ್ಕನೆಯವಳಾಗಿ ಬಂದಳು. ಅವಳನ್ನು ಅಲ್ಲಿಗೆ ತಲುಪಿಸಿದ್ದು ಪಟ್ಟರ್.

ಹಾಗಾದರೆ ತರಿಸಲೋ ಬೇಡವೋ? ತರಿಸಿ. ಆ ಹದಿನಾಲ್ಕು ಯಾರ್ಡಿಗಾಗಿ ಅಲ್ಲ, ಆ ಒಂಬತ್ತೇ ಯಾರ್ಡಿನ ದಂಡಕ್ಕಾಗಿ. ಆದರೆ ಮಗ ಕಾರ್ಡ್ ಉಜ್ಜುವ ಮೊದಲು ಒಂದು ಕೆಲಸ ಆಗಬೇಕು. ಮುಂದಿನ ತಿಂಗಳ ಎರಡನೇ ಶನಿವಾರ ನಾನು ರಾತ್ರಿ ರೈಲಿಗೆ ಅಲ್ಲಿಗೆ ಬರುತ್ತಿದ್ದೇನೆ, ರೇಂಜಿನವರನ್ನು ಕಾಡಿಬೇಡಿ ಆ ಏಳನ್ನು ಜೊತೆಗೆ ತರುತ್ತೇನೆ. ನೀವು ನಿಮ್ಮ ಐದು ಮತ್ತು ಏಳನ್ನು ತೊಳೆದಿಟ್ಟುಕೊಳ್ಳಿ. ಪೌಡರ್ ಡಬ್ಬ ನನ್ನದೇ. ಆಟ ಮುಗಿದ ಮೇಲೆ ನೀರುದೋಸೆ ನಿಮ್ಮ ಲೆಕ್ಕ.

ಇಂತು ನಿಮ್ಮ,
ಬೆಂಗಳೂರಿನ ಗುದ್ದಲಿಗಾರ