ಜುಲೈನಾ, ಸೆಪ್ಟೆಂಬರಾ?

ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋ ಪ್ಲಾನ್ ನಮ್ಮ ರೂಮಲ್ಲಿ ಮೂರು ವಾರದಿಂದ ನಡೀತಿದೆ. ಗೈಡ್ ಇಲ್ಲದೆ ನಾವೇ ನಡೆಯೋದು, ಫೋಟೋ ತೆಗೆಯೋದು.

ತೊಂದರೆ ತಿಂಗಳದ್ದು. ಹೂವು ಹೆಚ್ಚಿರೋದು ಜುಲೈ-ಆಗಸ್ಟಲ್ಲಿ. ಮಳೆ, ದಾರಿಯಲ್ಲಿ ಭೂಕುಸಿತ ಹೆಚ್ಚಿರೋದೂ ಆಗಲೇ. "ಸೆಪ್ಟೆಂಬರಲ್ಲಿ ಹೋಗ್ರೋ" ಅಂತಾರೆ ಅಪ್ಪ. ಆಗ ಆಕಾಶ ತಿಳಿ, ಆದ್ರೆ ಹೂವು ಕಮ್ಮಿ. ನಮಗೆ ಇಂಟರ್ನಲ್ಸ್ ಬೇರೆ.

ಉದ್ಯಾನದೊಳಗೆ ರಾತ್ರಿ ಉಳಿಯೋ ಹಾಗಿಲ್ಲ. ಸುಮಾರು 3,000 ಮೀಟರ್ ಎತ್ತರದ ಘಾಂಗರಿಯಾದಲ್ಲಿ ತಂಗಿ, ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ಅಂದ್ರೆ ಕಣಿವೆಯೊಳಗೆ ಸೂರ್ಯೋದಯದ ಫೋಟೋ ಕನಸೇ. ಆದರೆ ಹೂವಿನ ಫೋಟೋಗೆ ಮೋಡದ ಬೆಳಕೇ ಒಳ್ಳೇದು: ನೆರಳು ಗಡುಸಾಗಲ್ಲ, ದಳದ ಬಣ್ಣ ತೊಳೆದು ಹೋಗಲ್ಲ. ಅದಕ್ಕೇ ನನ್ನ ವೋಟು ಜುಲೈ ಕೊನೆಗೆ.

ಒಂದೇ ದಿನದಲ್ಲಿ ಇಡೀ ಕಣಿವೆ ಮುಗಿಸೋಣ ಅಂತಾನೆ ರೂಮ್‌ಮೇಟ್. ನಾನು ಎರಡು ದಿನ ಕೇಳಿದೀನಿ. ಹತ್ತು ಹೆಜ್ಜೆಗೊಮ್ಮೆ ಕೂರೋನಿಗೆ ಅಷ್ಟಾದ್ರೂ ಬೇಕು. ದಾರಿ ಬಿಟ್ಟು ಹೂವು ತುಳಿದು ರೀಲ್ಸ್ ಮಾಡೋರು ದಯವಿಟ್ಟು ನಮ್ಮ ಜೊತೆ ಬರಬೇಡಿ.

ರಸ್ತೆ ಮುಚ್ಚಿದ್ರೆ ಕಾಯೋಕೆ ಅಂತ ಎರಡು ದಿನ ಹೆಚ್ಚಿಗೆ ಇಟ್ಟು, ಹೊಸ ಪ್ಲಾನ್ ಅಪ್ಪನಿಗೆ ವಾಟ್ಸಾಪ್ ಮಾಡಿದೀನಿ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.