ಊಟಿ ದಾರೀಲಿ ನಮ್ಮೂರೂ ಇದೆ, ಇಳಿದು ನೋಡಿ

ಮೈಸೂರಿನಿಂದ ಊಟಿಗೆ, ಬಂಡೀಪುರಕ್ಕೆ ಹೋಗುವವರೆಲ್ಲ ನಂಜನಗೂಡು ದಾಟಿಯೇ ಹೋಗುತ್ತಾರೆ. ಇಳಿಯುವವರು ಕಡಿಮೆ. ಆಫೀಸಿನಲ್ಲಿ ಯಾರಾದರೂ ‘ನಿಮ್ಮೂರು ಯಾವುದು?’ ಅಂತ ಕೇಳಿ, ನಾನು ನಂಜನಗೂಡು ಅಂದರೆ ‘ಓ, ಹಲ್ಲುಪುಡಿ!’ ಅಂತಾರೆ. ಸ್ವಲ್ಪ ಹಿರಿಯರಾದರೆ ‘ರಸಬಾಳೆ’ ಅಂತಾರೆ. ಊರೊಳಗೆ ಹೋಗಿದ್ದೀರಾ ಅಂದರೆ, ‘ಇಲ್ಲಪ್ಪ, ಹೈವೇನಲ್ಲಿ ಕಾಫಿ ಕುಡಿದಿದ್ವಿ’ ಅನ್ನೋದೇ ಉತ್ತರ.

ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ತಿಂಗಳಿಗೆ ಎರಡು ಸಲವಾದರೂ ಊರು. ಸ್ನೇಹಿತರಿಗೆ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಕಳಿಸುವ ಪ್ಲಾನನ್ನೇ ಇಲ್ಲಿ ಬರೆದಿದ್ದೇನೆ. ಒಂದು ದಿನ ಸಾಕು, ಆದರೆ ಬೇಗ ಏಳಬೇಕು.

ಬೆಳಗ್ಗೆ: ನಂಜನಗೂಡು

ಮೈಸೂರಿನಿಂದ 23 ಕಿ.ಮೀ. ಅಷ್ಟೇ. ಕಾರು ಬೇಡ ಅನ್ನುವವರು ಚಾಮರಾಜನಗರದ ರೈಲು ಹತ್ತಿ ನಂಜನಗೂಡು ಟೌನ್ ಸ್ಟೇಷನ್ನಿನಲ್ಲಿ ಇಳಿಯಬಹುದು. ಅಶೋಕಪುರಂ, ಕಡಕೊಳ, ತಾಂಡವಪುರ ಅಂತ ನಿಧಾನಕ್ಕೆ ಸಾಗುವ ಈ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಅದೇ ಅರ್ಧ ಪ್ರವಾಸ.

ಊರು ಸೇರುವ ಮುಂಚೆ ಹಳೇ ಸೇತುವೆ ನೋಡಿ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದು. ಮೀಟರ್ ಗೇಜ್ ಕಾಲದಲ್ಲಿ ರೈಲು ಮತ್ತು ರಸ್ತೆ ಎರಡೂ ಇದರ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ರೈಲಿನ ಪಕ್ಕದಲ್ಲೇ ಎತ್ತಿನಗಾಡಿ ಹೋಗುತ್ತಿದ್ದ ಕಥೆಯನ್ನು ಮನೆಯ ಹಿರಿಯರು ಈಗಲೂ ಹೇಳ್ತಾರೆ.

ಶ್ರೀಕಂಠೇಶ್ವರನ ದೇವಸ್ಥಾನ ಕಪಿಲೆಯ ದಡದಲ್ಲೇ ಇದೆ. ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದ್ದು. ಒಳಗೆ 63 ಪುರಾತನರ ಸಾಲು ವಿಗ್ರಹಗಳನ್ನು ತಪ್ಪಿಸಬೇಡಿ. ನಂಜು ಉಂಡವನು ನಂಜುಂಡ, ಹಾಗಾಗಿ ಇವನು ವೈದ್ಯ ದೇವರು. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಇಲ್ಲಿ ಹರಕೆ ಹೊತ್ತ ಮೇಲೆ ಕಣ್ಣು ಬಂತು, ಆಗ ಅವನು ಪಚ್ಚೆಯ ಲಿಂಗ ಕೊಟ್ಟು ‘ಹಕೀಂ ನಂಜುಂಡ’ ಅಂತ ಕರೆದ ಅನ್ನೋದು ಊರಿನವರೆಲ್ಲ ಹೇಳುವ ಮಾತು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಶುರು ಮಾಡಿದ್ದೂ ಇದೇ ಊರಲ್ಲಿ. ನೀವು ಹೇಳುವ ಹಲ್ಲುಪುಡಿ ಅಲ್ಲಿಯದೇ.

ಸೋಮವಾರ, ಹುಣ್ಣಿಮೆ, ಅಮಾವಾಸ್ಯೆ ದಿನ ಕ್ಯೂ ಉದ್ದ. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಬೆಳಗ್ಗೆಯೇ ಮುಗಿಸಿ. ಮಾರ್ಚ್-ಏಪ್ರಿಲ್‌ನ ದೊಡ್ಡ ಜಾತ್ರೆಗೆ ಬರುವುದಾದರೆ ಬಸ್ಸಿಗೋ ರೈಲಿಗೋ ಬನ್ನಿ. ಐದು ತೇರು ಎಳೆಯುವ ಪಂಚಮಹಾರಥೋತ್ಸವದ ದಿನ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಗೌತಮ ರಥ ಮುಂದೆ ಹೋಗಿರುತ್ತೆ.

ಬಾಳೆಹಣ್ಣಿನ ಮಾತು

ರಸಬಾಳೆಗೆ ಜಿಐ ಮಾನ್ಯತೆ ಇದೆ, ಆದರೆ ತೋಟಗಳೇ ಕಡಿಮೆಯಾಗಿವೆ. ಕಾರಣ ಪನಾಮ ಸೊರಗು ರೋಗ. ಇದು ಮಣ್ಣಿನಲ್ಲಿ ಉಳಿಯುವ ಶಿಲೀಂಧ್ರ, ಬೇರಿನಿಂದ ಹತ್ತಿ ಇಡೀ ಗಿಡವನ್ನು ಬಾಡಿಸುತ್ತದೆ. ಒಮ್ಮೆ ಬಂದ ಹೊಲದಲ್ಲಿ ವರ್ಷಗಟ್ಟಲೆ ಬಿಡುವುದಿಲ್ಲ. ನಮ್ಮ ತಾತನ ತೋಟದಲ್ಲಿ ಈಗ ಕಬ್ಬು. ಹಾಗಾಗಿ ರಸ್ತೆ ಬದಿಯ ಹಣ್ಣೆಲ್ಲ ರಸಬಾಳೆ ಅಂದುಕೊಳ್ಳಬೇಡಿ. ದೇವರಸನಹಳ್ಳಿ ಕಡೆಯದಾ ಅಂತ ಕೇಳಿ, ನಿಜವಾದದ್ದು ಸಿಕ್ಕಿದರೆ ಚೌಕಾಸಿ ಮಾಡದೆ ತಗೊಳ್ಳಿ. ಬೆಳೆಯುವವನಿಗೆ ಬೆಲೆ ಸಿಕ್ಕಿದರೇನೇ ಆ ಹಣ್ಣು ಉಳಿಯೋದು.

ಮಧ್ಯಾಹ್ನ: ತಿ. ನರಸೀಪುರ

ಗೂಗಲ್ ಮ್ಯಾಪ್ ನಿಮ್ಮನ್ನು ಮೈಸೂರು ಕಡೆ ತಿರುಗಿಸಿದರೂ, ಸುತ್ತೂರು ಕಡೆಯ ದಾರಿ ಹಿಡಿಯಿರಿ. ನಾಲೆ, ಗದ್ದೆ, ಕಬ್ಬಿನ ಟ್ರ್ಯಾಕ್ಟರ್. ಅವಸರ ಬೇಡ. ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಗೆ ಸೇರುತ್ತಾಳೆ, ಮೂರನೆಯದು ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಅನ್ನೋದು ನಂಬಿಕೆ. ಊರ ಕಡೆ ಗುಂಜಾ ನರಸಿಂಹಸ್ವಾಮಿ, ಆಚೆ ಅಗಸ್ತ್ಯೇಶ್ವರ. ಈ ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅರ್ಥ. ನಮ್ಮ ಕಡೆಯವರ ಹೆಮ್ಮೆ ಅಷ್ಟೇ, ಗುಲಗಂಜಿಯಷ್ಟು!

ಇಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. 2019ರ ನಂತರ ಕೊರೊನಾದಿಂದಾಗಿ ತಪ್ಪಿ, ಮತ್ತೆ ನಡೆದದ್ದು 2025ರ ಫೆಬ್ರವರಿಯಲ್ಲಿ. ಆದರೆ ಜನವಿಲ್ಲದ ಒಂದು ಸಂಜೆ ಎರಡು ನೀರು ಸೇರುವುದನ್ನು ಮೆಟ್ಟಿಲ ಮೇಲೆ ಕೂತು ನೋಡುವ ಸುಖವೇ ಬೇರೆ. ಸಮಯ ಉಳಿದರೆ ಇದೇ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ. ಈ ಹೊಯ್ಸಳ ದೇಗುಲ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇಲ್ಲವೇ ಮರಳಲ್ಲಿ ಹುದುಗಿದ ತಲಕಾಡು ನೋಡಿ.

ನೀರಿಗೆ ಇಳಿಯುವ ಮುಂಚೆ

ಇದೊಂದನ್ನು ದಯವಿಟ್ಟು ಪೂರ್ತಿ ಓದಿ. ಕಪಿಲೆ ಹುಟ್ಟೋದು ವಯನಾಡಿನಲ್ಲಿ, ಅವಳನ್ನು ತಡೆದಿರೋದು ಬೀಚನಹಳ್ಳಿಯ ಕಬಿನಿ ಅಣೆಕಟ್ಟು. ನಂಜನಗೂಡಿನಲ್ಲಿ ಬಿಸಿಲು ಸುಡುತ್ತಿದ್ದರೂ ವಯನಾಡಿನಲ್ಲಿ ಮಳೆ ಜೋರಾದರೆ ಡ್ಯಾಮಿನಿಂದ ನೀರು ಬಿಡ್ತಾರೆ, ಇಲ್ಲಿ ಹೊಳೆ ಏರುತ್ತೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಬಳಿ ಹೈವೇ ಮೇಲೇ ನೀರು ಬಂದು ಊಟಿ ರಸ್ತೆ ಬಂದ್ ಆಗಿತ್ತು. ಹದಿನಾರು ಕಾಲಿನ ಮಂಟಪ ನೀರಲ್ಲಿ ನಿಂತಿದ್ದರೆ ಅದೇ ನಮ್ಮೂರ ಅಲಾರಂ. ಅವತ್ತು ಹೊಳೆಗೆ ಇಳಿಯುವ ಮಾತೇ ಇಲ್ಲ.

ಬೇಸಿಗೆಯಲ್ಲಿ ಅಪಾಯ ಬೇರೆ ಥರ. ಮೇಲೆ ಮೊಣಕಾಲುದ್ದ ಕಾಣುವ ನೀರಿನ ಪಕ್ಕದಲ್ಲೇ ಆಳದ ಗುಂಡಿ, ಮಡು ಇರುತ್ತೆ. ನಮ್ಮ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಹಾಗೇ ಹೋದ. ಅವನಿಗೆ ಈಜು ಬರುತ್ತಿತ್ತು. ಅವನ ಅಮ್ಮ ಈಗಲೂ ನಮ್ಮ ಬೀದಿಯಲ್ಲೇ ಇದ್ದಾರೆ. ಹುಡುಗರು ಹೆಗಲಿಗೆ ಟವೆಲ್ ಹಾಕಿಕೊಂಡು ಹೊಳೆ ಕಡೆ ಹೊರಟದ್ದು ಕಂಡರೆ ಗೇಟಿನ ತನಕ ಬಂದು, ‘ಮೆಟ್ಟಿಲ ಮೇಲೇ ಮುಳುಗೆದ್ದು ಬನ್ರಪ್ಪಾ’ ಅಂತಾರೆ. ಬೇರೆ ಏನೂ ಹೇಳಲ್ಲ.

ಆದ್ದರಿಂದ ಸೋಪಾನಕಟ್ಟೆ ಬಿಟ್ಟು ಆಚೆ ಹೋಗಬೇಡಿ. ಗುರುತಿಲ್ಲದ ಜಾಗದಲ್ಲಿ ರೀಲ್ಸ್ ಮಾಡಬೇಡಿ. ಅಂಬಿಗರೋ ಹೂವಿನಂಗಡಿಯವರೋ ‘ಅಲ್ಲಿ ಬೇಡ’ ಅಂದರೆ ಯಾಕೆ ಅಂತ ವಾದ ಮಾಡದೆ ವಾಪಸ್ ಬನ್ನಿ. ಸ್ನಾನ ಮಾಡಿದ ಬಟ್ಟೆಯನ್ನು ನೀರಲ್ಲಿ ಬಿಡಬೇಡಿ, ಅದು ಪುಣ್ಯ ಅಲ್ಲ, ಕಸ.

ನವೆಂಬರಿನಿಂದ ಫೆಬ್ರವರಿ ತನಕ ಒಳ್ಳೇ ಕಾಲ. ಹೊಳೆ ಶಾಂತ, ಬಿಸಿಲು ಹಿತ, ಗದ್ದೆ ಕೊಯ್ಲಿಗೆ ಬಂದಿರುತ್ತೆ. ಊಟಿ ಎಲ್ಲೂ ಹೋಗಲ್ಲ, ಮಾರನೇ ದಿನವೂ ಅಲ್ಲೇ ಇರುತ್ತೆ.